ದೊಯ್ ಸುಥೇಪ್ ಬೆಟ್ಟದ ಬುದ್ಧನ ಗುಡಿಗೆ ಬೆಂಗಳೂರಿನಿಂದ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಹೋಗಿ ಬಂದವರ ಫೋಟೋಗಳಲ್ಲಿ ಬಂಗಾರದ ಸ್ತೂಪ ಒಂದು ಇದ್ದೇ ಇರುತ್ತದೆ. ಊರ ಪಕ್ಕದ ಬೆಟ್ಟದ ಮೇಲಿರುವ ಆ ಗುಡಿಯ ಪೂರ್ತಿ ಹೆಸರು ವಾಟ್ ಫ್ರಾ ಥಾಟ್ ದೊಯ್ ಸುಥೇಪ್. ನಮ್ಮ ಕಡೆಯ ಬಹಳಷ್ಟು ಜನ ಅದನ್ನು ಪ್ಯಾಕೇಜ್ ಟೂರಿನ ನಡುವೆ ತುರುಕಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿ, 'ಚೆನ್ನಾಗಿದೆ, ಆದರೆ ತುಂಬಾ ರಶ್ಶು' ಎಂದು ಇಳಿದು ಬರುತ್ತಾರೆ. ವ್ಯೂ ಪಾಯಿಂಟ್ ಎಂದುಕೊಂಡು ಹೋದರೆ ಅಷ್ಟೇ ಸಿಗುವುದು. ಅದು ಜನ ಹರಕೆ ಹೊತ್ತು ಬರುವ ಜಾಗ. ಬೆಟ್ಟದ ದೇವರಿಗೆ ಹೋಗುವುದು ನಮಗೇನೂ ಹೊಸದಲ್ಲ, ಅಲ್ವಾ? ಹಾಗೇ ಹೋಗಿ. ಅರ್ಧ ದಿನ ಬಿಡುವು ಇಟ್ಟುಕೊಳ್ಳಿ. ನಮ್ಮ ಗುಡಿಯ ಅಭ್ಯಾಸಗಳು ಅಲ್ಲಿ ಎಷ್ಟೋ ಕಡೆ ಕೈಹಿಡಿಯುತ್ತವೆ. ಕೆಲವು ಕಡೆ ಕೈಕೊಡುತ್ತವೆ. ಎಲ್ಲೆಲ್ಲಿ ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆ ನಿಂತಿರುತ್ತದೆ, ಗಾಳಿ ತಂಪು. ಫೆಬ್ರುವರಿ ಮಧ್ಯದಿಂದ ಏಪ್ರಿಲ್‌ವರೆಗೆ ಮಾತ್ರ ಯೋಚಿಸಿ ಟಿಕೆಟ್ ಮಾಡಿ. ಆಗ ಉತ್ತರ ಥಾಯ್ಲೆಂಡ್‌ನಲ್ಲಿ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬಿದ್ದು ಊರೆಲ್ಲ ಹೊಗೆ ತುಂಬಿಕೊಳ್ಳುತ್ತದೆ. ಚಿಯಾಂಗ್ ಮಾಯ್ ಇರುವುದು ಸುತ್ತ ಬೆಟ್ಟಗಳಿರುವ ಕಣಿವೆಯಲ್ಲಿ. ಹಾಗಾಗಿ ಹೊಗೆ ಅಲ್ಲೇ ಕೂತುಬಿಡುತ್ತದೆ. ಬೆಟ್ಟ ಹತ್ತಿ ನಿಂತರೂ ಕೆಳಗಿನ ಊರು ಕಾಣದ ದಿನಗಳಿವೆ. ಉಸಿರಾಟದ ತೊಂದರೆ ಇರುವವರು ಆ ತಿಂಗಳುಗಳನ್ನು ಬಿಟ್ಟೇಬಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಬೆಟ್ಟ ಹಸಿರಾಗಿ ಚೆನ್ನಾಗಿರುತ್ತದೆ, ಮೆಟ್ಟಿಲು ಜಾರುತ್ತದೆ.

ಒಂದು ವಿಶೇಷ ದಿನವೂ ಇದೆ. ನಮ್ಮ ಬುದ್ಧ ಪೂರ್ಣಿಮೆಯೇ ಅವರ ವಿಶಾಖ ಬೂಚ, ಕೆಲವು ವರ್ಷ ಮಾತ್ರ ತಾರೀಖು ಬೇರೆಯಾಗುತ್ತದೆ. ವಿಶಾಖ ಬೂಚದ ಹಿಂದಿನ ರಾತ್ರಿ ಸಾವಿರಾರು ಜನ ಊರಿನಿಂದ ಬೆಟ್ಟದ ತುದಿಗೆ ನಡೆದೇ ಹತ್ತುತ್ತಾರೆ. ಜಾತ್ರೆ ಇಷ್ಟಪಡುವವರಿಗೆ ಅದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ನೆಮ್ಮದಿ ಬೇಕಾದವರಿಗೆ ಅದಕ್ಕಿಂತ ಕೆಟ್ಟ ರಾತ್ರಿಯೂ ಇಲ್ಲ.

ದಿನದ ಹೊತ್ತಿನ ವಿಷಯಕ್ಕೆ ಬಂದರೆ, ಬೆಳಗ್ಗೆ 7ರ ಒಳಗೆ ಮೇಲಿರಿ. ಇಲ್ಲವೇ ಸಂಜೆ 4ರ ಮೇಲೆ ಹೋಗಿ, ಭಿಕ್ಷುಗಳ ಸಂಜೆಯ ಪಠಣ ಕೇಳಿಕೊಂಡು, ಕೆಳಗೆ ಊರಿನ ದೀಪ ಹತ್ತುವುದನ್ನು ನೋಡಿ ಇಳಿಯಿರಿ. ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಟೂರಿಸ್ಟ್ ವ್ಯಾನುಗಳು ಸಾಲುಗಟ್ಟಿರುತ್ತವೆ.

ಬೆಂಗಳೂರಲ್ಲೇ ಮುಗಿಸಬೇಕಾದ ಕೆಲಸ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗಿನ ಹಾರಾಟ. ಅಲ್ಲಿಂದ ಚಿಯಾಂಗ್ ಮಾಯ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ಟೈಮ್ ಇದ್ದರೆ ರಾತ್ರಿ ರೈಲೇ ವಾಸಿ. ಸುಮಾರು 750 ಕಿ.ಮೀ. ದಾರಿ. ಸಂಜೆ ಬ್ಯಾಂಕಾಕ್‌ನ ಕ್ರುಂಗ್ ಥೆಪ್ ಅಫಿವಾಟ್ ನಿಲ್ದಾಣದಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಬೆಟ್ಟದ ಸೀಮೆಯಲ್ಲಿ ಎದ್ದೇಳುತ್ತೀರಿ. ಸ್ಲೀಪರ್ ಬೇಗ ಖಾಲಿಯಾಗುತ್ತದೆ, ಮೊದಲೇ ಬುಕ್ ಮಾಡಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ಭಾರತೀಯರಿಗೆ ವೀಸಾ ನಿಯಮ ಆಗಾಗ ಬದಲಾಗುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬದೆ, ಟಿಕೆಟ್ ಮಾಡುವ ಮೊದಲು ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. ಜೊತೆಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯವಾಗಿದೆ. ಅಲ್ಲಿ ಇಳಿಯುವ ಮೊದಲಿನ ಮೂರು ದಿನಗಳಲ್ಲಿ ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ತಕ್ಷಣ ಮುಚ್ಚಿ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಬೆಟ್ಟ ಹತ್ತುವ ಆಸೆ ಇದ್ದವರು ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅದರಲ್ಲಿ ದ್ವಿಚಕ್ರ ವಾಹನವೂ ಸೇರಿರಬೇಕು. ಚಿಯಾಂಗ್ ಮಾಯ್ ಪೊಲೀಸರು ಹೆಲ್ಮೆಟ್ಟನ್ನೂ ಪರ್ಮಿಟ್ಟನ್ನೂ ನಿಲ್ಲಿಸಿ ಕೇಳುತ್ತಾರೆ. ಪರ್ಮಿಟ್ ಇಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಇ-ಸಿಗರೇಟ್ ಸೇದುವವರು ಅದನ್ನು ಮನೆಯಲ್ಲೇ ಬಿಡಿ, ಥಾಯ್ಲೆಂಡ್‌ನಲ್ಲಿ ಅದು ಅಪರಾಧ.

ಇನ್ನೊಂದು ಕೆಲಸವನ್ನು ಯಾವ ಟ್ರಾವೆಲ್ ಏಜೆಂಟೂ ಹೇಳುವುದಿಲ್ಲ. ಹೊರಡುವ ವಾರ ಒಂದು ಸಂಜೆ ಗಾಂಧಿನಗರದ ಕಾಳಿದಾಸ ರಸ್ತೆಯ ಮಹಾಬೋಧಿ ಸೊಸೈಟಿಗೆ ಹೋಗಿ ಬನ್ನಿ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ ಸಂಸ್ಥೆ. ಮೆಜೆಸ್ಟಿಕ್‌ನ ಗದ್ದಲಕ್ಕೆ ಅಂಟಿಕೊಂಡೇ ಇದೆ. ಥಾಯ್ಲೆಂಡ್‌ನಂತೆ ಇದೂ ಥೇರವಾದ ಎಂಬ ಬೌದ್ಧ ಪಂಥದ್ದು, ಪಠಣವೂ ಅದೇ ಪಾಳಿ ಭಾಷೆಯಲ್ಲಿ. ಹೇಗೆ ಕೂರಬೇಕು, ಭಿಕ್ಷುಗಳಿಗೆ ಹೇಗೆ ನಮಸ್ಕರಿಸಬೇಕು ಎಂದು ಇಲ್ಲೇ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಬಹುದು. 'ಬುದ್ಧಂ ಸರಣಂ ಗಚ್ಛಾಮಿ' ಕಿವಿಗೆ ಕೂತಿದ್ದರೆ, ದೊಯ್ ಸುಥೇಪ್‌ನಲ್ಲಿ ಥಾಯ್ ನಾಲಿಗೆಯ 'ಫುತ್ತಂ ಸರಣಂ ಖಚ್ಛಾಮಿ' ಕೇಳಿದಾಗ ಥಟ್ಟನೆ ಗುರುತು ಸಿಗುತ್ತದೆ.

ಹಾಗೆ ನೋಡಿದರೆ ನಂಟು ಹಳೆಯದು. ಅಶೋಕನ ಕಾಲದಲ್ಲಿ ಧರ್ಮ ಸಾರಲು ಭಿಕ್ಷುಗಳು ಯಾವ ಯಾವ ನಾಡಿಗೆ ಹೋದರು ಎಂಬ ಪಟ್ಟಿ ಶ್ರೀಲಂಕಾದ ಪಾಳಿ ವೃತ್ತಾಂತದಲ್ಲಿದೆ. ಅದರಲ್ಲಿ ವನವಾಸಿಯ ಹೆಸರಿದೆ. ಅದೇ ನಮ್ಮ ಬನವಾಸಿ ಎನ್ನುತ್ತಾರೆ. ಅದೇ ಪಟ್ಟಿಯಲ್ಲಿ ಸುವರ್ಣಭೂಮಿಯೂ ಇದೆ. ಬ್ಯಾಂಕಾಕ್‌ನ ದೊಡ್ಡ ವಿಮಾನ ನಿಲ್ದಾಣದ ಹೆಸರೂ ಅದೇ.

ಬಟ್ಟೆ, ಬ್ಯಾಗು

ಭುಜ, ಮಂಡಿ ಎರಡೂ ಮುಚ್ಚಿರಬೇಕು. ಇದು ಗಂಡಸರಿಗೂ ಸೇರಿ. ಬರ್ಮುಡಾ ನಡೆಯುವುದಿಲ್ಲ, ಮಂಡಿ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆಯೂ ನಡೆಯುವುದಿಲ್ಲ. ಸಡಿಲವಾದ ಹತ್ತಿಯ ಪ್ಯಾಂಟು, ಅಥವಾ ಚೂಡಿದಾರ್ ಸಾಕು. ಬ್ಯಾಗಲ್ಲಿ ಒಂದು ದುಪಟ್ಟಾ ಇರಲಿ. ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ ಒಳ್ಳೆಯದು. ಒಂದು ಜೊತೆ ಸಾಕ್ಸ್ ಮರೆಯಬೇಡಿ. ಸ್ತೂಪವಿರುವ ಒಳಗಿನ ಅಂಗಳದಲ್ಲಿ ಬರಿಗಾಲು, ಮಧ್ಯಾಹ್ನ ಆ ಕಲ್ಲು ಕಾವಲಿ ಆಗಿರುತ್ತದೆ.

ಇನ್ನು ಚಳಿಯ ಲೆಕ್ಕ. ಗುಡಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರೇ ಸುಮಾರು 920 ಮೀಟರ್ ಮೇಲಿದೆ. ಅಂದರೆ ಅಷ್ಟು ದೂರ ಹೋಗಿ, ಬೆಟ್ಟ ಹತ್ತಿ, ನಾವು ನಮ್ಮ ಮನೆಗಿಂತ ಸುಮಾರು 130 ಮೀಟರ್ ಮಾತ್ರ ಮೇಲೆ ನಿಂತಿರುತ್ತೇವೆ! ಆದರೆ ಚಿಯಾಂಗ್ ಮಾಯ್ ಊರು ಇರುವುದು ಬರೀ 300 ಮೀಟರ್ ಆಸುಪಾಸಿನಲ್ಲಿ. ಊರಿಗೂ ಬೆಟ್ಟಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇರುತ್ತದೆ. ಡಿಸೆಂಬರ್ ಬೆಳಗ್ಗೆ ಹೋಗುವುದಾದರೆ ಒಂದು ಸ್ವೆಟರ್ ಸಾಕು.

20 ಬಾಟ್‌ನ ನೋಟುಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಹೂವಿಗೆ, ಹುಂಡಿಗೆ, ಶೌಚಾಲಯಕ್ಕೆ ಅವೇ ಬೇಕು. ನೋಟಿನ ಮೇಲೆ ರಾಜರ ಚಿತ್ರವಿದೆ. ಗಾಳಿಗೆ ಹಾರಿದರೆ ಕಾಲಲ್ಲಿ ಮೆಟ್ಟಿ ಹಿಡಿಯಬೇಡಿ, ಬಗ್ಗಿ ಕೈಯಲ್ಲಿ ತೆಗೆದುಕೊಳ್ಳಿ. ರಾಜಮನೆತನದ ಬಗ್ಗೆ ಅಲ್ಲಿ ತಮಾಷೆಯೂ ಬೇಡ. ಕಾನೂನು ಬಹಳ ಕಠಿಣ.

ಬೆಟ್ಟ ಹತ್ತುವ ದಾರಿಗಳು

ಹಳೆಯ ಊರಿನಿಂದ ಗುಡಿಗೆ ಸುಮಾರು 15 ಕಿ.ಮೀ. ಹೆಚ್ಚಿನವರು ಹೋಗುವುದು ಸೋಂಗ್‌ಥೇವ್‌ನಲ್ಲಿ. ಹಿಂದೆ ಎದುರುಬದುರು ಎರಡು ಬೆಂಚು ಇರುವ ಕೆಂಪು ಪಿಕಪ್ ಗಾಡಿ ಅದು. ಚಾಂಗ್ ಫುವಾಕ್ ಬಾಗಿಲ ಹತ್ತಿರವೋ, ಮೃಗಾಲಯದ ಮುಂದೆಯೋ, ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಮುಂದೆಯೋ ನಿಂತಿರುತ್ತದೆ. ಸೀಟು ತುಂಬುವವರೆಗೆ ಹೊರಡುವುದಿಲ್ಲ. ಕಾಯಲು ಮನಸ್ಸಿಲ್ಲದಿದ್ದರೆ ಖಾಲಿ ಸೀಟಿನ ದುಡ್ಡನ್ನೂ ಕೊಟ್ಟು ಹೊರಡಿಸಬಹುದು. ಹತ್ತುವ ಮೊದಲೇ ಎರಡು ಮಾತು ಖಾತ್ರಿ ಮಾಡಿಕೊಳ್ಳಿ: ದರ ತಲೆಗೋ ಇಡೀ ಗಾಡಿಗೋ, ಹೋಗುವುದಕ್ಕೆ ಮಾತ್ರವೋ ವಾಪಸ್ಸೂ ಸೇರಿಯೋ. ಗ್ರ್ಯಾಬ್, ಬೋಲ್ಟ್ ಆಪ್‌ಗಳು ಊರಲ್ಲಿ ಸಿಗುತ್ತವೆ. ಹತ್ತಲು ಸುಲಭ, ಸಂಜೆ ಮೇಲಿನಿಂದ ಇಳಿಯಲು ಗಾಡಿ ಸಿಗುವುದು ಕಷ್ಟ. ಬಂದ ಡ್ರೈವರನ್ನೇ ಕಾಯಲು ಒಪ್ಪಿಸುವುದು ಜಾಣತನ.

ದಾರಿ ತಿರುವುಗಳದ್ದೇ. ಸೋಂಗ್‌ಥೇವ್‌ನಲ್ಲಿ ಅಡ್ಡಕ್ಕೆ ಕೂರುವುದರಿಂದ ಹೊಟ್ಟೆ ತೊಳಸುವುದು ಬೇಗ. ಆಗುಂಬೆ ಘಾಟಿಯಲ್ಲಿ ಕಿಟಕಿ ಸೀಟು ಹುಡುಕುವವರು ಇಲ್ಲಿ ಹಿಂಬದಿಯ ಬಾಗಿಲ ಹತ್ತಿರ ಕೂರಿ, ಕೈಯಲ್ಲಿ ಒಂದು ನಿಂಬೆಹಣ್ಣು ಇರಲಿ. ಹೊರಡುವ ಮುನ್ನ ಹೊಟ್ಟೆ ತುಂಬಾ ತಿನ್ನಬೇಡಿ.

ಬೆಟ್ಟದ ಬುಡದಲ್ಲಿ ಒಬ್ಬ ಭಿಕ್ಷುವಿನ ಪ್ರತಿಮೆ ಇದೆ. ಹತ್ತುವವರು ಅಲ್ಲಿ ಇಳಿದು ಹೂವಿಟ್ಟು ಮುಂದೆ ಹೋಗುತ್ತಾರೆ. ಅವರು ಕ್ರೂಬಾ ಸಿವಿಚಾಯ್. ಈ ರಸ್ತೆ ಅವರಿಂದಲೇ ಆದದ್ದು. 1934ರ ಕೊನೆಗೆ ಶುರುಮಾಡಿ 1935ರ ಏಪ್ರಿಲ್‌ಗೆಲ್ಲ ಮುಗಿಸಿದರು. ಹಳ್ಳಿಹಳ್ಳಿಯಿಂದ ಸಾವಿರಾರು ಜನ ಗುದ್ದಲಿ ಹಿಡಿದು ಬಂದರು. ಒಂದೊಂದು ಊರಿನವರು ಒಂದೊಂದು ತುಂಡು ದಾರಿ ಕಡಿದರು. ಕೂಲಿ ಯಾರೂ ಕೇಳಲಿಲ್ಲ. ಡ್ರೈವರ್ ಅಲ್ಲಿ ಸ್ಲೋ ಮಾಡಿ ಕೈಮುಗಿದರೆ ಕಾರಣ ಇದೇ. ನಿಮ್ಮದೇ ಗಾಡಿಯಾದರೆ ಎರಡು ನಿಮಿಷ ನಿಲ್ಲಿಸಿ.

ಆ ರಸ್ತೆಗೂ ಮೊದಲಿನ ಕಾಲುದಾರಿ ಈಗಲೂ ಇದೆ. ಕಾಲಲ್ಲಿ ಶಕ್ತಿ ಇದ್ದವರಿಗೆ ನನ್ನ ಓಟು ಇದಕ್ಕೇ. ವಿಶ್ವವಿದ್ಯಾಲಯದ ಹಿಂಬದಿಯಿಂದ, ಸುಥೇಪ್ ರಸ್ತೆಯ ಕೊನೆಯಿಂದ ಶುರು. ದಾರಿ ತಪ್ಪದಿರಲಿ ಎಂದು ಮರಗಳಿಗೆ ಕಾವಿ ಬಟ್ಟೆ ಸುತ್ತಿದ್ದಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಡಿನಲ್ಲಿ ನಡೆದರೆ ವಾಟ್ ಫಾ ಲಾಟ್ ಎಂಬ ಚಿಕ್ಕ ಗುಡಿ ಸಿಗುತ್ತದೆ. ಪಾಚಿ ಹಿಡಿದ ಕಲ್ಲು, ಬಂಡೆ ಮೇಲೆ ಜಾರುವ ಹಳ್ಳ, ಅದರ ಪಕ್ಕ ಬುದ್ಧ. ಬಹಳ ಜನಕ್ಕೆ ಮೇಲಿನ ದೊಡ್ಡ ಗುಡಿಗಿಂತ ಇದೇ ಹೆಚ್ಚು ಹಿಡಿಸುತ್ತದೆ. ಅಲ್ಲಿಂದ ಮೇಲಕ್ಕೆ ದಾರಿ ಕಡಿದಾಗಿದೆ, ಇನ್ನೂ ಒಂದು ಗಂಟೆಗಿಂತ ಹೆಚ್ಚು ಬೇಕು. ಸುಸ್ತಾದರೆ ಗುಡಿಯ ಪಕ್ಕದ ರಸ್ತೆಗೆ ಬಂದು ಸೋಂಗ್‌ಥೇವ್‌ಗೆ ಕೈ ಅಡ್ಡ ಹಿಡಿಯಿರಿ. ಮಳೆಗಾಲದಲ್ಲಿ ಈ ದಾರಿ ಬೇಡ.

ನಾಗನ ಮೆಟ್ಟಿಲು

ಗಾಡಿ ನಿಲ್ಲುವ ಜಾಗದಿಂದ ಗುಡಿಗೆ 300ಕ್ಕಿಂತ ಸ್ವಲ್ಪ ಹೆಚ್ಚು ಮೆಟ್ಟಿಲು. ಕೆಲವರು 306 ಅನ್ನುತ್ತಾರೆ, ಕೆಲವರು 309. ಎಣಿಸುತ್ತಾ ಹತ್ತಿದವರಿಗೆ ನಡುವೆ ಫೋಟೋ ತೆಗೆದು ಲೆಕ್ಕ ತಪ್ಪುವುದು ಖಾತ್ರಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದು ಏನೇನೂ ಅಲ್ಲ. ಮಂಡಿ ನೋವಿದ್ದವರಿಗೆ ಹಳಿಯ ಮೇಲೆ ಓಡುವ ಲಿಫ್ಟ್ ಇದೆ, ಸಣ್ಣ ಟಿಕೆಟ್. 'ಅಮ್ಮ, ನೀವು ಲಿಫ್ಟಲ್ಲಿ ಬನ್ನಿ, ನಾವು ಮೇಲೆ ಸಿಗ್ತೀವಿ' ಎಂದರೆ 'ಮೆಟ್ಟಿಲು ಹತ್ತದೆ ದರ್ಶನವೇನು' ಎನ್ನುವ ಅಮ್ಮಂದಿರೂ ಇದ್ದಾರೆ. ಅವರಿಗೆ ನಡುನಡುವೆ ಕೂರಲು ಟೈಮ್ ಕೊಡಿ, ಇಳಿಯುವಾಗ ಮಾತ್ರ ಲಿಫ್ಟ್ ಹತ್ತಿಸಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಪೆಟ್ಟು.

ಮೊದಲ ಮೆಟ್ಟಿಲಲ್ಲೇ ಒಂದು ಕ್ಷಣ ನಿಂತು ಎರಡೂ ಬದಿ ನೋಡಿ. ಮೆಟ್ಟಿಲ ಅಂಚಿನ ಕೈಹಿಡಿ ಗೋಡೆಯ ಉದ್ದಕ್ಕೂ ಹಬ್ಬಿರುವುದು ನಾಗನ ಮೈ. ಹಸಿರು ಹೆಂಚಿನ ತುಣುಕುಗಳನ್ನು ಒಂದರ ಮೇಲೊಂದು ಕೂರಿಸಿ ಪೊರೆ ಮಾಡಿದ್ದಾರೆ. ಕೆಳತುದಿಯಲ್ಲಿ ಹಲವು ಹೆಡೆಗಳು ಎದ್ದು ನಿಂತಿವೆ. ಹತ್ತಿರ ಹೋಗಿ ಗಮನಿಸಿದರೆ, ಆ ನಾಗ ಇನ್ನೊಂದು ಪ್ರಾಣಿಯ ಬಾಯಿಂದ ಹೊರಬರುತ್ತಿರುವುದು ಗೊತ್ತಾಗುತ್ತದೆ. ಅದು ಮಕರ. ಬೇಲೂರಿನ ಬಾಗಿಲ ತೋರಣದಲ್ಲಿ ನೋಡಿದ್ದೀರಲ್ಲ, ಅದೇ ಮಕರ. ಇಲ್ಲಿ ನಾಗನನ್ನು ಉಗುಳುತ್ತಾ ಕೂತಿದೆ. ಬಹಳಷ್ಟು ಜನ ಹೆಡೆಯ ಪಕ್ಕ ಸೆಲ್ಫಿ ತೆಗೆದು ಮಕರನನ್ನು ಕಾಣದೇ ಹತ್ತಿಬಿಡುತ್ತಾರೆ.

ಮೆಟ್ಟಿಲು ಮುಗಿದಲ್ಲಿ ವಿದೇಶಿಯರಿಗೆ ಟಿಕೆಟ್ ಕೌಂಟರ್. ಥಾಯ್ ಜನರಿಗೆ ಟಿಕೆಟ್ ಇಲ್ಲ, ನಮಗೆ ಇದೆ. ಬೇಸರ ಬೇಡ, ತಾಜ್ ಮಹಲ್‌ನಲ್ಲಿ ನಾವೂ ವಿದೇಶಿಯರಿಗೆ ಹೆಚ್ಚು ದುಡ್ಡು ಹಾಕುತ್ತೇವೆ.

ಮೇಲಿನ ಅಂಗಳದಲ್ಲಿ

ಮೇಲೆ ಎರಡು ಹಂತ ಇದೆ. ಹೊರಗಿನ ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡೇ ಓಡಾಡಬಹುದು. ಒಳಗಿನ ಅಂಗಳಕ್ಕೆ ಬಿಚ್ಚಿಡಬೇಕು. ಎಲ್ಲರೂ ಮೊದಲು ಊರು ಕಾಣುವ ಕಟ್ಟೆಗೆ ಓಡುತ್ತಾರೆ. ನೀವು ಮೊದಲು ಒಳಗೆ ಹೋಗಿ. ನೋಟ ಎಲ್ಲಿಗೂ ಹೋಗುವುದಿಲ್ಲ, ಒಳಗಿನ ಖಾಲಿ ಜಾಗ ಮಾತ್ರ ಅರ್ಧ ಗಂಟೆಯಲ್ಲಿ ತುಂಬಿಬಿಡುತ್ತದೆ.

ಹೊಸ್ತಿಲು ದಾಟಿ, ತುಳಿಯಬೇಡಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎದುರಿಗೆ ಚಿನ್ನದ ಲೇಪದ ತಾಮ್ರದ ತಗಡು ಹೊದಿಸಿದ ಸ್ತೂಪ, ನಾಲ್ಕು ಮೂಲೆಗೆ ನಾಲ್ಕು ಬಂಗಾರದ ಬಣ್ಣದ ಛತ್ರಿ. ಒಳಗೆ ಬುದ್ಧನ ಅಸ್ಥಿಯ ತುಣುಕು ಇದೆ ಎಂಬ ನಂಬಿಕೆ. ಕತೆ ಹೀಗಿದೆ. ಸುಖೋಥಾಯ್ ಎಂಬ ಹಳೆಯ ಥಾಯ್ ರಾಜ್ಯದಿಂದ ಸುಮನ ಎಂಬ ಭಿಕ್ಷು ಒಂದು ಧಾತು, ಅಂದರೆ ಆ ಅಸ್ಥಿಯ ತುಣುಕು, ತಂದರು. ಅದು ಎರಡಾಯಿತು. ಒಂದನ್ನು ಊರಲ್ಲೇ ವಾಟ್ ಸುವಾನ್ ದೋಕ್‌ನಲ್ಲಿ ಇಟ್ಟರು. ಇನ್ನೊಂದಕ್ಕೆ ಜಾಗ ಯಾವುದು? ಆಗ ಈ ಸೀಮೆಯನ್ನು ಆಳುತ್ತಿದ್ದ ಲಾನ್ನಾ ರಾಜ್ಯದ ರಾಜ ಕುವೆನಾ ಅದನ್ನು ಬಿಳಿ ಆನೆಯ ಬೆನ್ನಿಗೆ ಕಟ್ಟಿ ಬಿಟ್ಟುಬಿಟ್ಟ. ಆನೆ ಈ ಬೆಟ್ಟ ಹತ್ತಿತು, ಮೂರು ಸಲ ಘೀಳಿಟ್ಟಿತು, ಅಲ್ಲೇ ಪ್ರಾಣ ಬಿಟ್ಟಿತು. ಅಲ್ಲೇ ಸ್ತೂಪ ಎದ್ದಿತು. 1383ರಲ್ಲಿ ಎಂದು ವಾಡಿಕೆ. ಆನೆಯ ಗುಡಿಯೂ ಹೊರಗಿನ ಅಂಗಳದಲ್ಲಿದೆ.

ಈಗ ಪ್ರದಕ್ಷಿಣೆ. ನಮ್ಮ ಹಾಗೇ ಬಲಕ್ಕೆ, ಮೂರು ಸುತ್ತು. ತಾವರೆ ಮೊಗ್ಗು, ಊದುಬತ್ತಿ, ಮೇಣದಬತ್ತಿ ಒಟ್ಟಿಗೆ ಮಾರುತ್ತಾರೆ. ಎರಡೂ ಕೈಯ ನಡುವೆ ಹಿಡಿದು ನಿಧಾನವಾಗಿ ನಡೆಯಿರಿ. ಪಕ್ಕದಲ್ಲಿ ನಡೆಯುವ ಅಜ್ಜಿಯರು ಫಲಕದ ಮೇಲಿನ ಮಂತ್ರ ಓದುತ್ತಾ ಹೋಗುತ್ತಾರೆ, ಅವರ ವೇಗಕ್ಕೆ ನಿಮ್ಮ ಹೆಜ್ಜೆ ಹೊಂದಿಸಿ. ಅಡ್ಡ ನಿಂತು ಫೋಟೋ ತೆಗೆಯಬೇಡಿ. ಮೂಲೆಯಲ್ಲಿ ನಿಂತು ತೆಗೆದರೆ ಯಾರೂ ಏನೂ ಅನ್ನುವುದಿಲ್ಲ.

ಸ್ತೂಪಕ್ಕೆ ಅಂಟಿದ ಬೇಲಿಯೊಳಗೆ ಹೆಂಗಸರು ಹೋಗಬಾರದು ಎಂಬ ಕಟ್ಟಳೆ ಉತ್ತರ ಥಾಯ್ಲೆಂಡ್‌ನ ಹಳೆಯ ಗುಡಿಗಳಲ್ಲಿದೆ, ಇಲ್ಲೂ ಇದೆ. ಇದರ ಬಗ್ಗೆ ಅಲ್ಲೇ ಜಗಳವೂ ಆಗಿದೆ. ನನಗೆ ಒಪ್ಪಿಗೆಯಿಲ್ಲ. ಆದರೆ ನೆಂಟರ ಮನೆಗೆ ಹೋಗಿ ವಾದ ಹೂಡುವುದು ನಮ್ಮ ಕೆಲಸವಲ್ಲ. ಪ್ರದಕ್ಷಿಣೆ ಬೇಲಿಯ ಹೊರಗೇ ನಡೆಯುವುದರಿಂದ ಅದಕ್ಕೇನೂ ಅಡ್ಡಿಯಿಲ್ಲ.

ಇನ್ನು ನಮ್ಮ ಅಭ್ಯಾಸ ಕೈಕೊಡುವ ಜಾಗಗಳು. ಮೂರ್ತಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಡಿ. ತೆಂಗಿನಕಾಯಿ ಒಡೆಯುವುದು, ಕರ್ಪೂರ ಹಚ್ಚುವುದು ಇಲ್ಲ. ತೀರ್ಥಕ್ಕೆ ಕೈ ಒಡ್ಡಿ ಕಾಯಬೇಡಿ. ಬುದ್ಧನ ಮುಂದೆ ಚಕ್ಕಂಬಕ್ಕಳ ಹಾಕುವ ಬದಲು ಕಾಲನ್ನು ಹಿಂದಕ್ಕೆ ಮಡಚಿ ಒಂದು ಬದಿಗೆ ಇಟ್ಟು ಕೂರಬೇಕು. ಅಂಗಾಲು ಮೂರ್ತಿಯ ಕಡೆಗಾಗಲಿ, ಭಿಕ್ಷುವಿನ ಕಡೆಗಾಗಲಿ ತಿರುಗಿರಬಾರದು. ಮಕ್ಕಳ ತಲೆ ನೇವರಿಸುವುದು ನಮಗೆ ಪ್ರೀತಿ, ಅಲ್ಲಿ ಬೇರೆಯವರ ತಲೆ ಮುಟ್ಟುವುದು ಸರಿಯಲ್ಲ. ಎಲ್ಲಕ್ಕಿಂತ ಮುಖ್ಯ: ಸ್ವಾಮಿಗಳ ಪಾದ ಮುಟ್ಟಿ ನಮಸ್ಕಾರ ಮಾಡುವ ರೂಢಿ ನಮ್ಮ ಹೆಂಗಸರಿಗೆ ಸಹಜ. ಇಲ್ಲಿ ಹೆಂಗಸರು ಭಿಕ್ಷುವನ್ನು ಮುಟ್ಟುವ ಹಾಗೇ ಇಲ್ಲ, ಕೈಯಿಂದ ಕೈಗೆ ಏನೂ ಕೊಡುವ ಹಾಗಿಲ್ಲ. ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ ಮೂರು ಸಲ ನಮಸ್ಕರಿಸಿದರೆ ಸಾಕು.

ಅಲ್ಲಿನ ಸಭಾಂಗಣದಲ್ಲಿ ಭಿಕ್ಷು ಕೂತಿದ್ದರೆ ಮುಂದೆ ಹೋಗಿ ಕೂರಿ. ನೀರು ಚಿಮುಕಿಸಿ, ಪಾಳಿಯಲ್ಲಿ ಹರಸಿ, ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾರೆ. ಹೆಂಗಸರಿಗೆ ಪಕ್ಕದಲ್ಲಿರುವ ಗೃಹಸ್ಥರು ಕಟ್ಟುತ್ತಾರೆ. ದಕ್ಷಿಣೆ ತಟ್ಟೆಯಲ್ಲೋ ಡಬ್ಬಿಯಲ್ಲೋ ಹಾಕಿ, ಕೈಗೆ ಕೊಡಬೇಡಿ.

ಹೊರಗೆ ಬಂದ ಮೇಲೆ ಗಂಟೆಗಳ ಸಾಲು, ಬ್ಯಾಂಕಾಕ್‌ನ ಪ್ರಸಿದ್ಧ ಪಚ್ಚೆ ಬುದ್ಧನ ಪ್ರತಿರೂಪ ಹುಡುಕಿ. ಗಣೇಶನೂ ಇದ್ದಾನೆ. ನಮ್ಮವರಿಗೆ ಅಲ್ಲಿ ಗರಿಕೆ ಇಲ್ಲದ ಕೊರಗು. ಗಂಟೆ ಬಾರಿಸುವ ಮೊದಲು ಫಲಕ ಓದಿ. ನಿಮ್ಮ ಹುಟ್ಟಿದ ವರ್ಷ 1955, 1967, 1979, 1991 ಅಥವಾ 2003 ಆಗಿದ್ದರೆ ಒಂದು ವಿಶೇಷ. ಲಾನ್ನಾ ಜನ ಹನ್ನೆರಡು ಪ್ರಾಣಿಗಳ ವರ್ಷಕ್ಕೂ ಒಂದೊಂದು ಸ್ತೂಪ ಗೊತ್ತುಮಾಡಿದ್ದಾರೆ, ಮೇಕೆ ವರ್ಷದವರ ಪಾಲಿಗೆ ಬಂದಿರುವುದು ಇದೇ. ಆ ವರ್ಷ ಹುಟ್ಟಿದವರು ಜೀವನದಲ್ಲಿ ಒಮ್ಮೆಯಾದರೂ ಇಲ್ಲಿಗೆ ಬರಬೇಕು ಎನ್ನುತ್ತಾರೆ.

ಹೊಟ್ಟೆಪಾಡು, ಇಳಿಯುವುದು

ಸಸ್ಯಾಹಾರಿಗಳಿಗೆ ಒಂದೇ ಪದ ಸಾಕು: 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಜ್ಜಿಯೂ ಊಟ ಮಾಡಬಹುದು. ಬೇರೆ ಕಡೆ 'ವೆಜ್' ಎಂದರೂ ಮೀನಿನ ಸಾಸ್ ಬೀಳುತ್ತದೆ. ಮೆಟ್ಟಿಲ ಬುಡದ ಅಂಗಡಿಗಳಲ್ಲಿ ಹಣ್ಣು ಸಿಗುತ್ತದೆ. ಚಳಿಗಾಲದಲ್ಲಿ ಸ್ಟ್ರಾಬೆರಿಗೆ ಉಪ್ಪು ಖಾರದ ಪುಡಿ ಕೊಡುತ್ತಾರೆ, ಬೇಡ ಅನ್ನಬೇಡಿ.

ಟೈಮ್ ಉಳಿದರೆ ಅದೇ ರಸ್ತೆಯಲ್ಲಿ ಇನ್ನೂ ಮೇಲೆ ಫುಬಿಂಗ್ ಅರಮನೆಯ ತೋಟ, ದೊಯ್ ಪುಯ್‌ನ ಮೋಂಗ್ ಬುಡಕಟ್ಟಿನ ಜನರ ಹಳ್ಳಿ ಇವೆ. ತೋಟ ಚಳಿಗಾಲದಲ್ಲಿ ಚೆನ್ನ. ಹಳ್ಳಿ ಬಹುಪಾಲು ಅಂಗಡಿ ಸಾಲು, ಬಿಟ್ಟರೂ ನಷ್ಟವಿಲ್ಲ. ಅದರ ಬದಲು ಇಳಿಯುವಾಗ ವಾಟ್ ಸುವಾನ್ ದೋಕ್‌ಗೆ ಹೋದರೆ ಆ ಧಾತುವಿನ ಇನ್ನೊಂದು ಅರ್ಧದ ಜಾಗವನ್ನೂ ನೋಡಿದಂತಾಗುತ್ತದೆ.

ಕೊಳ್ಳುವುದಾದರೆ ಬಟ್ಟೆ, ಕೊಡೆ, ಬೆಳ್ಳಿ ಸಾಮಾನು ಕೊಳ್ಳಿ. ಬುದ್ಧನ ಮೂರ್ತಿ ಕೊಳ್ಳುವ ಮುನ್ನ ಯೋಚಿಸಿ. ಕೊರಳಿಗೆ ಹಾಕುವ ಸಣ್ಣ ತಾಯಿತಕ್ಕೆ ತೊಂದರೆಯಿಲ್ಲ. ಮೂರ್ತಿಯನ್ನು ದೇಶದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಅಂಗಡಿಯವರು 'ಏನಾಗಲ್ಲ' ಎನ್ನುತ್ತಾರೆ. ಏನಾದರೂ ಆದರೆ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡುವವರು ನೀವು. ಪರವಾನಗಿ ಕೊಡಿಸುವ ಅಂಗಡಿಯಲ್ಲೇ ಕೊಂಡು, ಅದಕ್ಕೆ ಕೆಲವು ದಿನ ಕೈಯಲ್ಲಿಟ್ಟುಕೊಳ್ಳಿ.